ಸವರುವ ಕೈ, ಹೊಡೆಯುವ ಕೈ

(ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರು ಹಾಸನದಲ್ಲಿ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಮ್ಮ ಸಂಘದ ಸಭೆ ಎಂದರೆ ಉಳಿತಾಯದ ಪುಸ್ತಕ, ಸಾಲದ ಕಂತು, ಬ್ಯಾಂಕಿನ ಲೆಕ್ಕ. ಅದೆಲ್ಲ ಮುಗಿದ ಮೇಲೆ ಹೊತ್ತು ಉಳಿದರೆ ಮನೆಯ ಮಾತು. ಇವತ್ತು ನಾನು ಮನೆಯ ಮಾತನ್ನೇ ಮೊದಲು ತೆಗೆದುಕೊಂಡಿದ್ದೇನೆ. ಅರಕಲಗೂಡು ಕಡೆಯಿಂದ ಬೆಳಗಿನ ಬಸ್ಸಿಗೇ ಹೊರಟವರಿದ್ದೀರಿ. ಹಾಲು ಕರೆದು, ಡೈರಿಗೆ ಹಾಕಿ, ಮಕ್ಕಳಿಗೆ ಬುತ್ತಿ ಕಟ್ಟಿ ಬಂದಿದ್ದೀರಿ. ನಿಮ್ಮ ಹೊತ್ತು ಹಾಳಾಗಬಾರದು. ಇವತ್ತಿನ ವಿಷಯ ಸ್ಪರ್ಶ. ಅಂದರೆ ಒಬ್ಬರ ಮೈಯನ್ನು ಇನ್ನೊಬ್ಬರು ಮುಟ್ಟುವುದು.

ಇದೂ ಒಂದು ಭಾಷಣದ ವಿಷಯವೇ ಎಂದು ಕೆಲವರು ಸೆರಗು ಅಡ್ಡ ಹಿಡಿದು ನಗುತ್ತಿದ್ದೀರಿ. ನಗಿ, ಪರವಾಗಿಲ್ಲ. ನನಗೂ ಈ ವಿಷಯ ಯೋಚನೆಗೆ ಬಂದದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಸಲಹೆ ಕೇಳಲು ಬಂದಿದ್ದಳು. ತವರಿನಿಂದ ಇನ್ನೂ ದುಡ್ಡು ತರಲಿಲ್ಲ ಎಂದು ಗಂಡ ಕೈ ಮುರಿದಿದ್ದ. ಅಳುತ್ತಿದ್ದವಳ ಭುಜದ ಮೇಲೆ ನಾನು ಕೈ ಇಡಲು ಹೋದೆ. ಅವಳು ಬೆಚ್ಚಿ ಹಿಂದಕ್ಕೆ ಸರಿದಳು. ನಾನು ಕೈ ತೆಗೆದೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ಹೊಡೆಯೋಕಲ್ದೆ ನನ್ ಮೈ ಮೇಲೆ ಯಾರಾದ್ರೂ ಕೈ ಇಟ್ಟು ಎಷ್ಟು ವರ್ಷ ಆಯ್ತೋ ಗೊತ್ತಿಲ್ಲ" ಎಂದಳು. ಮುರಿದ ಕೈಗೆ ಆಸ್ಪತ್ರೆಯಲ್ಲಿ ಪಟ್ಟಿ ಹಾಕಿದ್ದರು. ಈ ಎರಡನೆಯ ನೋವಿಗೆ ಯಾವ ಚೀಟಿಯಲ್ಲೂ ಹೆಸರಿರಲಿಲ್ಲ.

ಆ ನೋವು ಬರೀ ಮನಸ್ಸಿನದಲ್ಲ, ಮೈಯದೂ ಹೌದು. ವಿಜ್ಞಾನ ಇವತ್ತು ಇದನ್ನು ಸ್ಪಷ್ಟವಾಗಿ ಹೇಳುತ್ತಿದೆ. ಅದನ್ನು ನಮ್ಮ ಮಾತಿನಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ನಮ್ಮ ಚರ್ಮದ ಕೆಳಗೆ ಮುಟ್ಟಿದ್ದನ್ನು ತಿಳಿಸುವ ನರಗಳು ಎರಡು ಬಗೆಯವು. ಒಂದು ಬಗೆಯದು ಬಹಳ ಬೇಗ ಓಡುವುದು. ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಕತ್ತಲೆಯಲ್ಲಿ ಡಬ್ಬಿಗೆ ಕೈ ಹಾಕಿದರೆ ಇದು ತೊಗರಿ, ಇದು ಹೆಸರು ಎಂದು ಹೇಳುತ್ತೀರಲ್ಲ, ಅದು ಈ ನರದ ಕೆಲಸ. ಏನು ಮುಟ್ಟಿತು, ಎಲ್ಲಿ ಮುಟ್ಟಿತು, ನುಣುಪೋ ಒರಟೋ ಎಂಬುದನ್ನು ಅದು ತಿಳಿಸುತ್ತದೆ.

ಇನ್ನೊಂದು ಬಗೆಯದು ನಿಧಾನದ ನರ. ಸೆಕೆಂಡಿಗೆ ಸುಮಾರು ಒಂದೇ ಮೀಟರ್. ವಿಜ್ಞಾನಿಗಳು ಇದನ್ನು ಸಿ-ಟ್ಯಾಕ್ಟೈಲ್ ನರತಂತು ಎನ್ನುತ್ತಾರೆ. ನಾವು ಇದನ್ನು ಸವರುವಿಕೆಯ ನರ ಎಂದು ಕರೆಯೋಣ. ತೋಳು, ಬೆನ್ನು, ಮುಖ, ಹೀಗೆ ಸಣ್ಣ ರೋಮ ಇರುವ ಚರ್ಮದಲ್ಲಿ ಇವು ಇವೆ. ಅಂಗೈಯಲ್ಲಿ ತೀರ ವಿರಳ. ಇವಕ್ಕೆ ಚಿವುಟಿದರೆ, ಒತ್ತಿದರೆ, ಗಬಕ್ಕನೆ ಹಿಡಿದರೆ ಅಷ್ಟು ಚೆನ್ನಾಗಿ ತಿಳಿಯುವುದಿಲ್ಲ. ಮೆಲ್ಲಗೆ ನೇವರಿಸಿದರೆ ತಿಳಿಯುತ್ತದೆ. ಎಷ್ಟು ಮೆಲ್ಲಗೆ? ಒಂದು ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್. ನಿಮ್ಮ ತೋಳನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ಏಳೆಂಟು ಸೆಕೆಂಡು ತೆಗೆದುಕೊಂಡು ಸವರಿ ನೋಡಿ. ಅದೇ ಸರಿಯಾದ ವೇಗ. ಅದೂ ತಣ್ಣನೆಯ ವಸ್ತುವಿನಿಂದಲ್ಲ, ಮನುಷ್ಯರ ಕೈಯಷ್ಟು ಬೆಚ್ಚಗಿರುವುದರಿಂದ ಮುಟ್ಟಿದಾಗ ಈ ನರ ಹೆಚ್ಚು ಸ್ಪಂದಿಸುತ್ತದೆ. ಮಲಗಿಸುವಾಗ ಮಗುವಿನ ಬೆನ್ನು ಸವರುತ್ತೀರಲ್ಲ, ಯಾರೂ ಹೇಳಿಕೊಡದೆ ನಿಮ್ಮ ಕೈ ಹಿಡಿಯುವುದು ಹೆಚ್ಚುಕಡಿಮೆ ಇದೇ ವೇಗ.

ಈ ನರದ ಸುದ್ದಿ ಎಲ್ಲಿಗೆ ಹೋಗುತ್ತದೆ? ಮಿದುಳಿನ ಒಳಮಡಿಕೆಯಲ್ಲಿ ಇನ್ಸುಲಾ ಎಂಬ ಭಾಗವಿದೆ. ಹಸಿವು, ಎದೆಬಡಿತ, ನೋವು, ನೆಮ್ಮದಿ ಇಂಥ ಒಳಗಿನ ಅನುಭವಗಳಿಗೆ ಸಂಬಂಧಪಟ್ಟ ಜಾಗ ಅದು. 2002ರಲ್ಲಿ ಸ್ವೀಡನ್ನಿನ ವಿಜ್ಞಾನಿ ಹೊಕನ್ ಒಲಾಸನ್ ಮತ್ತು ಅವರ ಸಂಗಡಿಗರು ಒಬ್ಬ ಮಹಿಳೆಯನ್ನು ಪರೀಕ್ಷಿಸಿದ ವಿವರ ಪ್ರಕಟಿಸಿದರು. ಕಾಯಿಲೆಯಿಂದ ಆಕೆಯ ವೇಗದ ನರಗಳು ಹಾಳಾಗಿದ್ದವು. ನಿಧಾನದ ನರಗಳು ಉಳಿದಿದ್ದವು. ಮೆತ್ತನೆಯ ಕುಂಚದಿಂದ ಅವಳ ತೋಳನ್ನು ಸವರಿದಾಗ ಅವಳಿಗೆ ಮಂಕಾಗಿ ಏನೋ ಹಿತವಾದದ್ದು ತಿಳಿಯುತ್ತಿತ್ತು. ಆ ಹೊತ್ತಿನಲ್ಲಿ ಮಿದುಳಿನ ಚಿತ್ರ ತೆಗೆದಾಗ ಇನ್ಸುಲಾ ಎಚ್ಚರಗೊಂಡದ್ದು ಕಂಡಿತು. ಅಂದರೆ ಹಿತವಾದ ಸ್ಪರ್ಶಕ್ಕೆ ನಮ್ಮ ಮೈಯಲ್ಲಿ ಬೇರೆಯೇ ಒಂದು ದಾರಿ ಇದೆ. ಅದು ಹುಟ್ಟಿನಿಂದಲೇ ಬಂದದ್ದು. ಹೆಣ್ಣಿಗೂ ಇದೆ, ಗಂಡಿಗೂ ಇದೆ. ಬಡವರಿಗೂ ಇದೆ, ಸಾಹುಕಾರರಿಗೂ ಇದೆ.

ಇದೆಲ್ಲ ಪರದೇಶದ ಪ್ರಯೋಗಶಾಲೆಯ ಮಾತು ಎನ್ನಬೇಡಿ. ಇದರ ಅರ್ಧ ನಿಮ್ಮ ಬಚ್ಚಲುಮನೆಯಲ್ಲಿದೆ. ಅಜ್ಜಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಸವರಿ, ಬಿಸಿನೀರು ಎರೆದು, ಸುತ್ತಿ ಮಲಗಿಸಿದರೆ ಮಗು ಹೇಗೆ ನಿದ್ದೆ ಮಾಡುತ್ತದೆ! ಲೆಬೊಯೆ ಎಂಬ ಫ್ರಾನ್ಸಿನ ವೈದ್ಯರು ಕಲ್ಕತ್ತೆಯಲ್ಲಿ ಒಬ್ಬ ತಾಯಿ ತನ್ನ ಮಗುವಿಗೆ ಹೀಗೆ ಎಣ್ಣೆ ತಿಕ್ಕುವುದನ್ನು ಕಂಡು ಬೆರಗಾಗಿ, 1976ರಲ್ಲಿ ಅದನ್ನೇ ಪುಸ್ತಕ ಮಾಡಿದರು. ಆ ತಾಯಿಯ ಹೆಸರನ್ನೇ ಪುಸ್ತಕಕ್ಕೆ ಇಟ್ಟರು. ಆ ಹೆಸರು ಶಾಂತಲಾ. ಬೇಲೂರಿನ ಶಾಂತಲೆಯ ಜಿಲ್ಲೆಯವರಾದ ನಾವು ಈ ಸಂಗತಿ ತಿಳಿದಿರಬೇಕು. ಬಡ ತಾಯಿಯೊಬ್ಬಳ ಕೈಗಳಿಂದ ಪರದೇಶದವರು ಪಾಠ ಕಲಿತರು. ಹಾಗೆಂದು ಬಾಣಂತನದಲ್ಲಿ ಮಾಡುವುದೆಲ್ಲ ಸರಿ ಎಂದಲ್ಲ. ಮೂಗಿಗೆ ಕಿವಿಗೆ ಎಣ್ಣೆ ಬಿಡುವುದು, ತಲೆ ಒತ್ತಿ ಒತ್ತಿ ರೂಪ ಕೊಡುವುದು, ಕೈಕಾಲು ಜಗ್ಗುವುದು ಬೇಡ. ಮಗುವಿಗೆ ಬೇಕಾದದ್ದು ಮೆಲ್ಲನೆಯ ಕೈ.

ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆಯ ಕೂಸುಗಳ ವಿಷಯದಲ್ಲಂತೂ ಸ್ಪರ್ಶ ಎಂದರೆ ಪ್ರಾಣವೇ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದೆ ಬಂದಾಗ, ಅಲ್ಲಿನ ವೈದ್ಯರು ಕೂಸನ್ನು ತಾಯಿಯ ಬರಿಯ ಎದೆಗೆ ಕಟ್ಟಿಡುವ ಪದ್ಧತಿ ಆರಂಭಿಸಿದರು. ಕಾಂಗರೂ ಎಂಬ ಪ್ರಾಣಿ ಮರಿಯನ್ನು ಹೊಟ್ಟೆಯ ಚೀಲದಲ್ಲಿ ಇಟ್ಟುಕೊಳ್ಳುವಂತೆ ಇದು ಇರುವುದರಿಂದ ಇದಕ್ಕೆ ಕಾಂಗರೂ ಆರೈಕೆ ಎಂದು ಹೆಸರು. ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಆರಂಭಿಸಿದರೆ, ಮಗು ಸುಧಾರಿಸಲಿ ಎಂದು ಕಾದು ಆಮೇಲೆ ಆರಂಭಿಸುವುದಕ್ಕಿಂತ ಸಾವು ಕಾಲುಭಾಗದಷ್ಟು ಕಡಿಮೆಯಾಯಿತು. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲೂ ಈ ಆರೈಕೆಯನ್ನು ಸರ್ಕಾರಿ ಆಸ್ಪತ್ರೆಯಿಂದ ಹಳ್ಳಿಯ ಮನೆಯವರೆಗೆ ಮುಟ್ಟಿಸುವ ಕೆಲಸ ನಡೆದಿದೆ. ನಿಮ್ಮ ಮನೆಯಲ್ಲಿ ಇಂಥ ಕೂಸು ಹುಟ್ಟಿದರೆ ವೈದ್ಯರನ್ನು ಕೇಳಿ ಈ ಆರೈಕೆ ಮಾಡಿ. ತಾಯಿಗೆ ಆಗದಿದ್ದಾಗ ಅಪ್ಪನ ಎದೆಯೂ ಆಗುತ್ತದೆ, ಅಜ್ಜಿಯ ಎದೆಯೂ ಆಗುತ್ತದೆ. ಹುಟ್ಟಿದ್ದು ಹೆಣ್ಣು ಎಂದು ಮುಖ ತಿರುಗಿಸಿ, ಎತ್ತಿಕೊಳ್ಳಲೂ ಬಾರದ ಮನೆಗಳಿವೆ. ಆ ಮನೆಗಳಲ್ಲಿ ಹೆಣ್ಣು ಕೂಸಿಗೆ ಮೊದಲ ಅನ್ಯಾಯ ನಡೆಯುವುದು ಇಲ್ಲೇ.

ಈಗ ದೊಡ್ಡವರ ವಿಷಯಕ್ಕೆ ಬರೋಣ.

"ಹೊಟ್ಟೆಗೆ ಬಟ್ಟೆಗೆ ಕಮ್ಮಿ ಮಾಡಿದೀನಾ? ಇನ್ನೇನು ಬೇಕು ಅವಳಿಗೆ?" ಪಂಚಾಯ್ತಿಗೆ ಕೂರಿಸಿದಾಗ ಗಂಡಂದಿರು ಹೇಳುವ ಮಾತು ಇದು. ಇದಕ್ಕೆ ಒಂದು ಉತ್ತರ 1958ರಲ್ಲೇ ಸಿಕ್ಕಿದೆ. ಅಮೆರಿಕದ ಹ್ಯಾರಿ ಹಾರ್ಲೋ ಎಂಬ ವಿಜ್ಞಾನಿ ಕೋತಿ ಮರಿಗಳನ್ನು ತಾಯಿಯಿಂದ ಬೇರೆ ಮಾಡಿ ಎರಡು ಗೊಂಬೆ ತಾಯಂದಿರ ಜೊತೆ ಇಟ್ಟ. ಒಂದು ಬರೀ ತಂತಿಯದು. ಇನ್ನೊಂದಕ್ಕೆ ಮೆತ್ತನೆಯ ಬಟ್ಟೆ ಸುತ್ತಿತ್ತು. ಹಾಲು ತಂತಿಯ ತಾಯಿಯ ಹತ್ತಿರ ಇದ್ದಾಗಲೂ ಮರಿಗಳು ಕುಡಿಯುವಷ್ಟು ಹೊತ್ತು ಮಾತ್ರ ಅಲ್ಲಿಗೆ ಹೋಗಿ, ಉಳಿದ ಹೊತ್ತೆಲ್ಲ ಬಟ್ಟೆಯ ತಾಯಿಯನ್ನು ಅಪ್ಪಿಕೊಂಡಿರುತ್ತಿದ್ದವು. ಅನ್ನ ಹಾಕಿದ ಮಾತ್ರಕ್ಕೆ ಜೀವಕ್ಕೆ ಆಸರೆ ಆಗುವುದಿಲ್ಲ ಎಂಬುದು ಕೋತಿ ಮರಿಗೂ ಗೊತ್ತು.

ಆತ ಇನ್ನೂ ಕ್ರೂರವಾದ ಪ್ರಯೋಗ ಮಾಡಿದ. ಮರಿ ಅಪ್ಪಿಕೊಂಡಾಗ ಜೋರಾಗಿ ಗಾಳಿ ಊದುವ, ಅಲುಗಾಡಿಸಿ ಕೆಡವುವ ತಾಯಿ ಗೊಂಬೆಗಳನ್ನು ಮಾಡಿಸಿದ. ಮರಿಗಳು ಓಡಿಹೋದವೇ? ಇಲ್ಲ. ಬಿದ್ದ ಮರಿ ಎದ್ದು ಬಂದು ಅದೇ ತಾಯಿಯನ್ನೇ ಇನ್ನೂ ಬಿಗಿಯಾಗಿ ಅಪ್ಪಿಕೊಂಡಿತು. ಮೂಕ ಪ್ರಾಣಿಗೆ ಹೀಗೆ ಮಾಡಿದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಇದನ್ನು ಓದಿದಾಗ ನಮ್ಮ ಹೆಣ್ಣುಮಕ್ಕಳ ನೆನಪಾಯಿತು. "ಅಷ್ಟು ಹೊಡೆಸಿಕೊಂಡೂ ಮತ್ತೆ ಅವನ ಹತ್ತಿರವೇ ಹೋದಳಲ್ಲ, ಅವಳಿಗೆ ನಾಚಿಕೆ ಇಲ್ಲವೇ?" ಎಂದು ನಾವೇ ಆಡಿಕೊಳ್ಳುತ್ತೇವೆ. ಹೆಣ್ಣು ಕೋತಿ ಮರಿಯಲ್ಲ. ಮಕ್ಕಳು, ದುಡ್ಡು, ತವರಿನ ಮರ್ಯಾದೆ, ಹೋಗಲು ಬೇರೆ ಜಾಗ ಇಲ್ಲದಿರುವುದು, ಇವೆಲ್ಲ ಅವಳನ್ನು ಹಿಂದಕ್ಕೆ ಎಳೆಯುತ್ತವೆ. ಆದರೂ ಒಂದು ಮಾತು ನಿಜ. ಹೆದರಿದ ಜೀವ ಆಸರೆ ಹುಡುಕುತ್ತದೆ. ಬೇರೆ ಆಸರೆಯೇ ಇಲ್ಲದಿದ್ದರೆ ಹೆದರಿಸಿದವರ ಹತ್ತಿರವೇ ಹೋಗುತ್ತದೆ. ಅದು ಅವಳ ತಪ್ಪಲ್ಲ. ಬೇರೆ ಕೈ ಒಂದನ್ನೂ ಅವಳ ಹತ್ತಿರ ಇಡದ ನಮ್ಮ ತಪ್ಪು.

ನಮ್ಮ ಭಾಷೆಯಲ್ಲಿ ಗಂಡನಿಗೆ ಕೈ ಹಿಡಿದವನು ಎನ್ನುತ್ತೇವೆ. ಆ ಹಿಡಿದ ಕೈಗೆ ಏನು ಶಕ್ತಿ ಇದೆ? 2006ರಲ್ಲಿ ಅಮೆರಿಕದ ಜೇಮ್ಸ್ ಕೋನ್ ಮತ್ತು ಸಂಗಡಿಗರು 16 ಮದುವೆಯಾದ ಮಹಿಳೆಯರನ್ನು ಪರೀಕ್ಷಿಸಿದರು. ಸಣ್ಣಗೆ ಕರೆಂಟ್ ಹೊಡೆಯಬಹುದು ಎಂದು ಎಚ್ಚರಿಸಿ, ಆ ಭಯದ ಹೊತ್ತಿನಲ್ಲಿ ಅವರ ಮಿದುಳು ಏನು ಮಾಡುತ್ತದೆ ಎಂದು ನೋಡಿದರು. ಒಬ್ಬಳೇ ಇದ್ದಾಗ ಮಿದುಳು ಹೆಚ್ಚು ತಳಮಳಗೊಂಡಿತು. ಅಪರಿಚಿತರ ಕೈ ಹಿಡಿದಾಗ ಸ್ವಲ್ಪ ಕಡಿಮೆಯಾಯಿತು. ಗಂಡನ ಕೈ ಹಿಡಿದಾಗ ಇನ್ನೂ ಕಡಿಮೆಯಾಯಿತು. ಮುಖ್ಯವಾದ ಮಾತು ಇನ್ನು ಮುಂದಿದೆ. ಎಲ್ಲ ಗಂಡಂದಿರ ಕೈಗೂ ಒಂದೇ ಶಕ್ತಿ ಇರಲಿಲ್ಲ. ಸಂಸಾರ ಎಷ್ಟು ಚೆನ್ನಾಗಿತ್ತೋ ಅಷ್ಟು ಮಟ್ಟಿಗೆ ಭಯ ಇಳಿಯಿತು. ಅಂದರೆ ತಾಳಿ ಕಟ್ಟಿದ ಮಾತ್ರಕ್ಕೆ ಕೈಗೆ ಆ ಗುಣ ಬರುವುದಿಲ್ಲ. ದಿನದಿನವೂ ನಡೆದುಕೊಂಡ ರೀತಿಯಿಂದ ಬರುತ್ತದೆ.

ಸವರುವಿಕೆಯ ನರ ಚರ್ಮದಲ್ಲಿದ್ದರೂ ಹಿತವೋ ಅಹಿತವೋ ಎಂದು ತೀರ್ಮಾನವಾಗುವುದು ಮಿದುಳಿನಲ್ಲಿ. ಯಾರು ಮುಟ್ಟಿದರು, ಯಾಕೆ ಮುಟ್ಟಿದರು, ನನಗೆ ಇಷ್ಟವಿತ್ತೇ ಎಂದು ಮಿದುಳು ಕೇಳುತ್ತದೆ. 2012ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಗಂಡಸರ ಕಾಲನ್ನು ಒಂದೇ ರೀತಿ ಸವರಿದರು. ಸವರುತ್ತಿರುವವರು ತಮಗೆ ಇಷ್ಟವಾಗುವವರು ಎಂದು ನಂಬಿದಾಗ ಹಿತವೆನಿಸಿತು. ಇಷ್ಟವಿಲ್ಲದವರು ಎಂದು ನಂಬಿದಾಗ ಅಸಹ್ಯವೆನಿಸಿತು. ಸವರಿದ ಕೈ ಎರಡು ಸಲವೂ ಒಬ್ಬರದೇ! ಗಂಡಸಿನ ಮಿದುಳೇ ಹೀಗೆ ಹೇಳುವಾಗ, ಹೆಣ್ಣು "ಇವತ್ತು ಬೇಡ" ಎಂದರೆ ಮಾತ್ರ ಕೊಬ್ಬು ಎನ್ನುವುದು ಯಾವ ನ್ಯಾಯ?

ಅಕ್ಕ ತಂಗಿಯರೇ, ನಾನು ಹೇಳಬೇಕೆಂದು ಬಂದ ಮಾತು ಇದೇ. ಒಳ್ಳೆಯ ಸ್ಪರ್ಶ ಎನ್ನುವುದು ಯಾರೋ ಕೊಡುವ ಭಿಕ್ಷೆಯಲ್ಲ. ಅನ್ನ ನೀರಿನ ಹಾಗೆ ಅದು ಮನುಷ್ಯರ ಅಗತ್ಯ. ಆದರೆ ಭಯ ಇರುವ ಕಡೆ ಅದು ಒಳ್ಳೆಯ ಸ್ಪರ್ಶವಾಗಿ ಉಳಿಯುವುದಿಲ್ಲ. ರಾತ್ರಿ ಹೊಡೆದು, ಬೆಳಗ್ಗೆ ತಲೆ ಸವರಿ, ಮಲ್ಲಿಗೆ ಹೂವು ತಂದುಕೊಟ್ಟರೆ "ಹೊಡೆದ್ರೂ ಪ್ರೀತಿ ಇದೆ ಅಕ್ಕಾ" ಎನ್ನುತ್ತೀರಿ. ಆ ಸವರುವಿಕೆ ನಿಮ್ಮ ಮೈಗೆ ಹಿತವಾಗಿರಬಹುದು. ಹಸಿದವರಿಗೆ ಹಳಸಿದ ಅನ್ನವೂ ರುಚಿಯೇ. ಆದರೆ ಸವರಿದ ಕೈ ಹೊಡೆದ ಕೈಯ ಲೆಕ್ಕ ತೀರಿಸುವುದಿಲ್ಲ. ಮತ್ತೆ ಯಾವಾಗ ಏಳುತ್ತದೋ ಎಂದು ಮೈ ಆ ಕೈಯನ್ನೇ ಕಾಯುತ್ತಿರುತ್ತದೆ. ಬಾಗಿಲ ಸದ್ದಾದರೆ ಎದೆ ಹೊಡೆದುಕೊಳ್ಳುವುದು, ನಿದ್ದೆ ಬಾರದಿರುವುದು, ಸುಮ್ಮನೆ ತಲೆನೋವು ಬರುವುದು, ಮಕ್ಕಳನ್ನೂ ಎತ್ತಿಕೊಳ್ಳಲು ಮನಸ್ಸಾಗದಿರುವುದು, ಇವು ನಿಮ್ಮ ದೌರ್ಬಲ್ಯವಲ್ಲ. ಹೊಡೆತ ತಿಂದ ಮೈಯ ಭಾಷೆ.

ಹೊಡೆತ ತಿನ್ನುವವರು ಬೇರೆ ಯಾರೋ ಎಂದುಕೊಳ್ಳಬೇಡಿ. ಸರ್ಕಾರವೇ ನಡೆಸಿದ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಒಂದಲ್ಲ ಒಂದು ಸಲ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಹಿಂದಿನ 2015-16ರ ಸಮೀಕ್ಷೆಯಲ್ಲಿ ಇದು ನೂರಕ್ಕೆ ಸುಮಾರು 21 ಇತ್ತು. ಇಪ್ಪತ್ತು ಜನರ ಸಂಘದಲ್ಲಿ ಎಂಟೊಂಬತ್ತು ಜನ. ಅಕ್ಕಪಕ್ಕ ನೋಡಿಕೊಳ್ಳಿ. ಆ ಎಂಟೊಂಬತ್ತು ಜನ ಇಲ್ಲೇ ಕೂತಿದ್ದಾರೆ, ಕಂತು ಕಟ್ಟಿ ಸುಮ್ಮನೆ ಮನೆಗೆ ಹೋಗುತ್ತಿದ್ದಾರೆ.

ವರದಕ್ಷಿಣೆಯ ಮನೆಯಲ್ಲಿ ಈ ಬರ ಇನ್ನೂ ಹೆಚ್ಚು. ಸೊಸೆ ಬಂದ ದಿನವೇ ಅವಳ ಕತ್ತು ಕೈ ಮುಟ್ಟಿ ನೋಡುತ್ತಾರೆ. ಯಾಕೆ? ಸರ ಎಷ್ಟು ಗ್ರಾಂ, ಬಳೆ ಎಷ್ಟು ಗ್ರಾಂ ಎಂದು. ತವರಿನಲ್ಲಿ ಅವ್ವನ ಮಗ್ಗುಲಲ್ಲಿ ಮಲಗುತ್ತಿದ್ದ ಹುಡುಗಿಗೆ ಅಲ್ಲಿ ತಲೆ ನೋಯುತ್ತಿದೆ ಎಂದರೆ ಹಣೆ ಮುಟ್ಟುವವರಿಲ್ಲ. ತಾಯಂದಿರೇ, ನಿಮ್ಮಲ್ಲಿ ಅತ್ತೆಯಾದವರು ಬಹಳ ಜನ ಇದ್ದೀರಿ. ನೀವು ಸೊಸೆಯಾಗಿದ್ದಾಗ ನಿಮಗೆ ಯಾವ ಕೈ ಬೇಕಾಗಿತ್ತೋ ನಿಮ್ಮ ಸೊಸೆಗೆ ಆ ಕೈ ಕೊಡಿ.

ಇನ್ನೊಂದು ವಿಷಯ ಹೇಳದಿದ್ದರೆ ನನ್ನ ಮಾತು ಅಪೂರ್ಣ. ಕನ್ನಡದಲ್ಲಿ 'ಮುಟ್ಟು' ಎಂದರೆ ಸ್ಪರ್ಶ. ತಿಂಗಳ ಸ್ರಾವಕ್ಕೂ 'ಮುಟ್ಟು' ಎನ್ನುತ್ತೇವೆ. ಮುಟ್ಟಾದವಳನ್ನು ಮುಟ್ಟಬಾರದು! ಗಂಡ ಸತ್ತವಳು ಮದುಮಗಳಿಗೆ ಅರಿಶಿನ ಹಚ್ಚಬಾರದು. ದಲಿತರ ಹಟ್ಟಿಯ ಹೆಂಗಸು ಕೊಟ್ಟ ನೀರು ಕುಡಿಯಬಾರದು. ಮುಟ್ಟಬೇಡ ಎಂಬ ಮಾತನ್ನು ಹೆಣ್ಣಿಗೆ, ವಿಧವೆಗೆ, ದಲಿತರಿಗೆ ಹೊರಿಸಿದ ಸಮಾಜ ನಮ್ಮದು. ಆ ಸವರುವಿಕೆಯ ನರ ಜಾತಿ ಕೇಳುವುದಿಲ್ಲ, ಮಡಿ ಕೇಳುವುದಿಲ್ಲ. ನಮ್ಮ ಸಂಘಗಳಲ್ಲಿ ಒಂದೇ ಚಾಪೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂರುತ್ತೇವೆಯೇ? ಒಂದೇ ಚೊಂಬಿನಲ್ಲಿ ನೀರು ಕುಡಿಯುತ್ತೇವೆಯೇ? ಇದಕ್ಕೆ ಉತ್ತರ ನೀವು ನಿಮ್ಮ ಮನಸ್ಸಿನಲ್ಲೇ ಹೇಳಿಕೊಳ್ಳಿ.

ಹಾಗಾದರೆ ನಾವು ಏನು ಮಾಡಬಹುದು?

ಮೊದಲನೆಯದು, ಒಬ್ಬಳು ತನ್ನ ಕಷ್ಟ ಹೇಳಿಕೊಳ್ಳುವಾಗ ಬುದ್ಧಿ ಹೇಳುವುದಕ್ಕಿಂತ ಮೊದಲು ಹತ್ತಿರ ಕೂರಿ. "ಕೈ ಹಿಡ್ಕೊಳ್ಲಾ?" ಎಂದು ಕೇಳಿ. ಹೊಡೆತ ತಿಂದವಳಿಗೆ ದಿಢೀರನೆ ಮೈ ಮುಟ್ಟಿದರೆ ಭಯವಾಗುತ್ತದೆ. ನಾನು ಅಂದು ಮಾಡಿದ ತಪ್ಪು ಅದೇ. ಅವಳು ಬೇಡವೆಂದರೆ ಬೇಡ. ಸುಮ್ಮನೆ ಜೊತೆಗಿರಿ.

ಎರಡನೆಯದು, ಸಣ್ಣದನ್ನು ಪದೇ ಪದೇ ಮಾಡಿ. ನೂರಾರು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆ 2024ರಲ್ಲಿ ಬಂದಿದೆ. ಸ್ಪರ್ಶದಿಂದ ನೋವು, ಆತಂಕ, ಖಿನ್ನತೆ ಕಡಿಮೆಯಾಗುತ್ತದೆ, ಒಂದೊಂದು ಸಲ ಎಷ್ಟು ಹೊತ್ತು ಎಂಬುದಕ್ಕಿಂತ ಎಷ್ಟು ಸಲ ಎಂಬುದು ಮುಖ್ಯ ಎಂದು ಅದು ಹೇಳಿದೆ. ಮಗಳ ತಲೆ ಬಾಚಿ ಜಡೆ ಹಾಕುವುದು, ಒಬ್ಬರಿಗೊಬ್ಬರು ತಲೆಗೆ ಎಣ್ಣೆ ಹಚ್ಚುವುದು, ಒಂಟಿ ಮುದುಕಿಯ ಕಾಲು ಒತ್ತುವುದು. ಇದಕ್ಕೆ ದುಡ್ಡು ಬೇಡ, ಬ್ಯಾಂಕಿನ ಅರ್ಜಿ ಬೇಡ. ನಿಮ್ಮ ಗಂಡುಮಕ್ಕಳನ್ನೂ ಇದರಲ್ಲಿ ಸೇರಿಸಿ. "ಗಂಡಸು ಅಳಬಾರದು" ಎಂದು ಐದು ವರ್ಷಕ್ಕೇ ಮಡಿಲಿನಿಂದ ದೂಡಬೇಡಿ. ಸವರಿಸಿಕೊಂಡು ಬೆಳೆದ ಕೈ ಸವರುವುದನ್ನು ಕಲಿಯುತ್ತದೆ.

ಮೂರನೆಯದು, ಮಕ್ಕಳಿಗೆ ಬೇಡ ಎನ್ನುವುದನ್ನು ಕಲಿಸಿ. ನೆಂಟರು ಬಂದಾಗ "ಮಾಮನಿಗೆ ಮುತ್ತು ಕೊಡು" ಎಂದು ಬಲವಂತ ಮಾಡಬೇಡಿ. ತನ್ನ ಮೈ ತನ್ನದು ಎಂದು ಹೆಣ್ಣುಮಗು ಮೊದಲು ಕಲಿಯಬೇಕಾದದ್ದು ಮನೆಯಲ್ಲಿ.

ನಾಲ್ಕನೆಯದು, ಕಾನೂನು ತಿಳಿದಿರಿ. ಕೈ ಹಿಡಿದು ಕೂತರೆ ಮಾತ್ರ ಹೊಡೆತ ನಿಲ್ಲುವುದಿಲ್ಲ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರಿಂದಲೇ ಅಪರಾಧ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಗೆ 2005ರ ಕಾಯ್ದೆ ಇದೆ. ಹೊಡೆಯುವುದಷ್ಟೇ ಅಲ್ಲ, ಬೈದು ಹಂಗಿಸುವುದು, ದುಡ್ಡು ಕಿತ್ತುಕೊಳ್ಳುವುದು, ಮೈ ಮೇಲೆ ಬಲವಂತ ಮಾಡುವುದು ಎಲ್ಲವೂ ಅದರಲ್ಲಿ ಸೇರಿದೆ. ಮದುವೆಯೊಳಗಿನ ಬಲವಂತವನ್ನು ಅತ್ಯಾಚಾರ ಎಂದು ನಮ್ಮ ದಂಡ ಕಾನೂನು ಇನ್ನೂ ಒಪ್ಪಿಲ್ಲ. ಅದಕ್ಕೆ ಹೋರಾಟ ನಡೆಯಬೇಕಾಗಿದೆ. ಆದರೆ ಈ ಕಾಯ್ದೆಯಲ್ಲಿ ಆ ಬಲವಂತದ ವಿರುದ್ಧ ರಕ್ಷಣೆ ಕೇಳಬಹುದು. ವಿಚ್ಛೇದನ ಕೇಳದೆಯೇ ಗಂಡನ ಮನೆಯಲ್ಲಿ ವಾಸಿಸುವ ಹಕ್ಕು ಕೇಳಬಹುದು. ಮಹಿಳಾ ಸಹಾಯವಾಣಿ 181. ತುರ್ತಿಗೆ 112. ಮನಸ್ಸು ತೀರ ಕುಗ್ಗಿದರೆ ಟೆಲಿ-ಮಾನಸ್ 14416. ಸಂಘದ ಪುಸ್ತಕದ ಮೊದಲ ಹಾಳೆಯಲ್ಲಿ ಈ ಮೂರು ನಂಬರನ್ನು ಇವತ್ತೇ ಬರೆದಿಡಿ. ಠಾಣೆಗೆ ಹೋಗಬೇಕಾಗಿ ಬಂದರೆ ಒಬ್ಬಳನ್ನೇ ಕಳಿಸಬೇಡಿ. ನಾಲ್ಕು ಜನ ಜೊತೆಗೆ ಹೋಗಿ.

ಅಂದು ನನ್ನ ಕೈ ಹಿಡಿದುಕೊಂಡ ಹೆಣ್ಣುಮಗಳ ಊರಿನಲ್ಲೂ ಒಂದು ಸಂಘ ಇತ್ತು. ಅವಳೂ ಅದರ ಸದಸ್ಯೆ. ವಾರ ವಾರ ಕಂತು ಕಟ್ಟುತ್ತಿದ್ದಳು. ಅವಳ ಸಾಲ ಎಷ್ಟು ಬಾಕಿ ಎಂದು ಎಲ್ಲರಿಗೂ ಗೊತ್ತಿತ್ತು. ಅವಳ ಮೈ ಮೇಲಿನ ಬಾಸುಂಡೆ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಸಂಘಗಳಲ್ಲಿ ಹಾಗಾಗಬಾರದು.